ಶಿರಸಿಯ ಭಾನುವಾರದ ಆಪ್ಶನ್ ಗಣಿತ ಕ್ಲಾಸ್: ಟಿಪ್ಸ್ ಬೇಕಾದವರು ಹೋಗಬೇಡಿ, ಲೆಕ್ಕ ಬೇಕಾದವರು ಬಿಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ನಾಳೆ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಏರುತ್ತದೋ ಇಳಿಯುತ್ತದೋ ಅಂತ ಹೇಳಿಕೊಡುವ ಕ್ಲಾಸ್ ಇದಲ್ಲ. ಯಾವ ಕಾಲ್ ತಗೋಬೇಕು, ಯಾವ ಪುಟ್ ಮಾರಬೇಕು ಅನ್ನುವ ಮಾತೇ ಇಲ್ಲಿ ಬರುವುದಿಲ್ಲ. ಆಪ್ಶನ್ ಅಂದರೆ ಮೊದಲೇ ಗೊತ್ತು ಮಾಡಿದ ದರಕ್ಕೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು. ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್. ಒಂದು ಆಪ್ಶನ್‌ಗೆ ಇಷ್ಟೇ ಬೆಲೆ ಯಾಕೆ, ಆ ಬೆಲೆ ಹುಟ್ಟುವುದು ಎಲ್ಲಿ, ಅದರ ಹಿಂದಿನ ಗಣಿತ ಏನು ಅನ್ನುವುದನ್ನು ಮಾತ್ರ ಕಲಿಸುತ್ತಾರೆ. ಅದನ್ನು ಬಹಳ ಚೆನ್ನಾಗಿ ಕಲಿಸುತ್ತಾರೆ.

ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೆ. ಆಮೇಲೆ ಮದುವೆ, ಮಕ್ಕಳು, ವಖಾರಿ. ದಿನಾ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ದರ ಬರೆಯುವವಳಿಗೆ ಬೆಲೆ ಅನ್ನುವುದು ಹೊಸ ವಿಷಯ ಅಲ್ಲ. ಆದರೆ ಮುಂದೆ ಒಂದು ದಿನ ಇಂತಿಷ್ಟು ದರಕ್ಕೆ ಕೊಳ್ಳುವ ಹಕ್ಕಿಗೆ ಇವತ್ತೇ ಒಂದು ಬೆಲೆ ಇದೆ, ಅದನ್ನು ಲೆಕ್ಕ ಹಾಕಿಯೇ ಕಂಡುಹಿಡಿಯಬಹುದು ಅನ್ನುವುದು ಬಹಳ ವರ್ಷದಿಂದ ನನ್ನ ತಲೆ ಕೊರೆಯುತ್ತಿತ್ತು. ಊರಲ್ಲಿ ಹುಡುಗರು ಫೋನ್ ಹಿಡಿದು ಆಪ್ಶನ್ ವ್ಯಾಪಾರ ಮಾಡುತ್ತಾರೆ. ಈ ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ ಒಬ್ಬರೂ ಸರಿಯಾಗಿ ಹೇಳುತ್ತಿರಲಿಲ್ಲ.

ಕ್ಲಾಸ್ ನಡೆಯುವುದು ದೇವಿಕೆರೆ ಕಡೆ, ಒಂದು ಹಳೆಯ ಮನೆಯ ಮಹಡಿಯಲ್ಲಿ. ಹೊರಗೆ ಬೋರ್ಡ್ ಇಲ್ಲ, ಜಾಹೀರಾತು ಇಲ್ಲ. ಕಲಿಸುವವರು ನಿವೃತ್ತ ಗಣಿತ ಉಪನ್ಯಾಸಕರು. ಅದಕ್ಕೂ ಮೊದಲು ಮುಂಬೈಯಲ್ಲಿ ಒಂದು ಬ್ಯಾಂಕಿನ ಟ್ರೆಜರಿ ವಿಭಾಗದಲ್ಲಿ ಕೆಲಸ ಮಾಡಿದವರು. ಪೂರ್ತಿ ಬ್ಯಾಚ್‌ಗೆ ಫೀ 4,000 ರೂಪಾಯಿ, ಕಾಲೇಜು ಓದುವವರಿಗೆ ಅರ್ಧ. ಮಳೆಗಾಲ ಹಿಡಿದ ಮೇಲೆ ಶುರುವಾಗಿ ದೀಪಾವಳಿ ಹೊತ್ತಿಗೆ ಮುಗಿಯುತ್ತದೆ. ದೀಪಾವಳಿ ಕಳೆದರೆ ಕೊನೆ ಕೊಯ್ಲು, ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ಈ ಕಡೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲೂ ಒಂದು ತಾಪತ್ರಯ ಇದೆ. ಸ್ವಲ್ಪ ಹೊಳವಾಯಿತು ಅಂದರೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಲು ಎಲ್ಲರೂ ತೋಟಕ್ಕೆ ಓಡುತ್ತಾರೆ. ಅವತ್ತು ಅರ್ಧ ಕ್ಲಾಸ್ ಖಾಲಿ. ಸರ್ ಅವತ್ತು ಹೊಸ ಪಾಠ ತೆಗೆಯುವುದಿಲ್ಲ. ಬಂದವರಿಗೆ ಹಳೆಯ ಲೆಕ್ಕ ಮಾಡಿಸುತ್ತಾರೆ. ಇದು ನನಗೆ ತುಂಬಾ ಹಿಡಿಸಿತು.

ಪಾಠ ಶುರುವಾಗುವುದು ಸಂಭಾವ್ಯತೆಯಿಂದಲೂ ಅಲ್ಲ, ಕ್ಯಾಲ್ಕುಲಸ್‌ನಿಂದಲೂ ಅಲ್ಲ. ಪುಟ್-ಕಾಲ್ ಪ್ಯಾರಿಟಿಯಿಂದ. ಒಂದೇ ಸ್ಟ್ರೈಕ್ (ಹಕ್ಕಿನಲ್ಲಿ ಗೊತ್ತು ಮಾಡಿದ ದರ), ಒಂದೇ ಎಕ್ಸ್‌ಪೈರಿ (ಹಕ್ಕು ಮುಗಿಯುವ ದಿನ) ಇರುವ ಕಾಲ್ ಕೊಂಡು ಪುಟ್ ಮಾರಿದಿರಿ ಅಂತ ಇಟ್ಟುಕೊಳ್ಳಿ. ಬೆಲೆ ಏರಿದರೆ ನೀವು ಕಾಲ್ ಚಲಾಯಿಸಿ ಸ್ಟ್ರೈಕ್ ದರಕ್ಕೆ ಕೊಳ್ಳುತ್ತೀರಿ. ಇಳಿದರೆ ಎದುರಿನವನು ಪುಟ್ ಚಲಾಯಿಸಿ ಅದೇ ದರಕ್ಕೆ ನಿಮ್ಮ ತಲೆಗೆ ಕಟ್ಟುತ್ತಾನೆ. ಏನಾದರೂ ಸ್ಟ್ರೈಕ್ ದರಕ್ಕೆ ಮಾಲು ನಿಮ್ಮದೇ. ಹಾಗಾದರೆ ಕಾಲ್ ಬೆಲೆಯಲ್ಲಿ ಪುಟ್ ಬೆಲೆ ಕಳೆದರೆ, ಇವತ್ತಿನ ದರದಲ್ಲಿ ಸ್ಟ್ರೈಕ್‌ನ ಇವತ್ತಿನ ಮೌಲ್ಯ (ಅಲ್ಲಿಯ ತನಕದ ಬಡ್ಡಿ ತೆಗೆದ ಮೊತ್ತ) ಕಳೆದಷ್ಟೇ ಬರಬೇಕು, ನಡುವೆ ಡಿವಿಡೆಂಡ್ ಇಲ್ಲದಿದ್ದರೆ. ಮಾರುಕಟ್ಟೆ ಎತ್ತ ಹೋಗುತ್ತದೆ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಹೇಳಿ ಬಿಡುವುದಿಲ್ಲ. ಅಲ್ಲೇ ಫೋನ್ ತೆಗೆಸಿ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಆಪ್ಶನ್ ಚೈನ್, ಅಂದರೆ ಎಲ್ಲ ಸ್ಟ್ರೈಕ್‌ಗಳ ದರಪಟ್ಟಿ, ನೋಡಿಸುತ್ತಾರೆ. ಶುಕ್ರವಾರದ ಕೊನೆಯ ದರ ಅಲ್ಲಿರುತ್ತದೆ. ನಿಫ್ಟಿಯ ಅದೇ ತಿಂಗಳ ಫ್ಯೂಚರ್ಸ್ ದರ (ಮುಂದಿನ ದಿನಾಂಕಕ್ಕೆ ಇವತ್ತೇ ಮಾಡಿಕೊಂಡ ಒಪ್ಪಂದದ ದರ) ಇಟ್ಟುಕೊಂಡು ಒಂದೊಂದೇ ಸ್ಟ್ರೈಕ್ ಕಳೆದು ನೋಡಬೇಕು. ವಹಿವಾಟು ಜಾಸ್ತಿ ಇರುವ ಸ್ಟ್ರೈಕ್‌ಗಳಲ್ಲಿ ಲೆಕ್ಕ ಹತ್ತಿರ ಹತ್ತಿರ ಸರಿ ಬರುತ್ತದೆ. ದೂರದ ಸ್ಟ್ರೈಕ್‌ಗಳಲ್ಲಿ ಯಾವಾಗಲೋ ಆದ ವ್ಯವಹಾರದ ದರ ಕೂತಿರುತ್ತದೆ, ಅಲ್ಲಿ ಹೊಂದುವುದಿಲ್ಲ. ಯಾಕೆ ಹೊಂದಲಿಲ್ಲ ಅಂತ ನಾವೇ ಹುಡುಕಬೇಕು. ನಿಫ್ಟಿ ಆಪ್ಶನ್‌ಗಳು ಯುರೋಪಿಯನ್ ಮಾದರಿಯವು, ಎಕ್ಸ್‌ಪೈರಿ ದಿನ ಮಾತ್ರ ಚಲಾವಣೆ. ಅದಕ್ಕೇ ಈ ಸಮೀಕರಣ ಅಲ್ಲಿ ನೇರವಾಗಿ ನಿಲ್ಲುತ್ತದೆ.

ಇನ್ನು ನಾನು ಈ ಕ್ಲಾಸನ್ನು ಹೊಗಳಲು ಮುಖ್ಯ ಕಾರಣವಾದ ಪಾಠ. ಸರ್ ಬೋರ್ಡ್ ಮೇಲೆ ಬರೆದರು: ರಾಶಿ ಅಡಿಕೆ ಇವತ್ತು ಕ್ವಿಂಟಲ್‌ಗೆ 50,000 ರೂಪಾಯಿ. ಮೂರು ತಿಂಗಳ ಮೇಲೆ ಎರಡೇ ಸಾಧ್ಯತೆ. 60,000 ಆಗಬಹುದು, ಇಲ್ಲ 40,000 ಆಗಬಹುದು. ಬಡ್ಡಿ ಸದ್ಯಕ್ಕೆ ಸೊನ್ನೆ ಅಂತ ಇಟ್ಟುಕೊಳ್ಳೋಣ. ಆಗ 50,000ಕ್ಕೆ ಒಂದು ಕ್ವಿಂಟಲ್ ಕೊಳ್ಳುವ ಹಕ್ಕು ಇವತ್ತು ಎಷ್ಟಕ್ಕೆ ಮಾರಾಟ ಆಗಬೇಕು?

ಹುಲೇಕಲ್ ಕಡೆಯಿಂದ ಬರುವ ಒಬ್ಬ ಹಿರಿಯ ಕೃಷಿಕರು ಥಟ್ಟನೆ ಹೇಳಿದರು: "ಸರ್, ಈ ವರ್ಷ ಬೆಳೆ ಕಮ್ಮಿ ಇದ್ದು. ದರ ಏರ್ತು. ನೂರಕ್ಕೆ ಎಂಬತ್ತು ಪಾಲು ಏರ್ತು." ಏರಿದರೆ 10,000 ಲಾಭ, ಇಳಿದರೆ ಏನೂ ಇಲ್ಲ. ನೂರಕ್ಕೆ ಎಂಬತ್ತು ಅಂದರೆ ಸರಾಸರಿ 8,000. ನಮಗೆಲ್ಲ ಅದೇ ಸರಿ ಅನ್ನಿಸಿತು.

"ಹಂಗಾರೆ ಎಂಟು ಸಾವಿರಕ್ಕೆ ನೀವು ತಗಳ್ತ್ರಾ? ಆನು ಮಾರ್ತಿ" ಅಂದರು ಸರ್.

ಆಮೇಲೆ ಒಂದೊಂದೇ ಸಾಲು ಬರೆದರು. ಕೈಗೆ ಬಂದದ್ದು 8,000. ಅದರ ಮೇಲೆ 20,000 ಸಾಲ ಎತ್ತಿದರು. ಒಟ್ಟು 28,000. ಅದರಲ್ಲಿ 25,000 ಕೊಟ್ಟು ಅರ್ಧ ಕ್ವಿಂಟಲ್ ಅಡಿಕೆ ಕೊಂಡು ಇಟ್ಟರು. ಉಳಿದ 3,000 ಜೇಬಿಗೆ. ಮೂರು ತಿಂಗಳ ಮೇಲೆ ದರ 60,000 ಆಯಿತು ಅನ್ನಿ. ಅರ್ಧ ಕ್ವಿಂಟಲ್‌ಗೆ 30,000 ಬರುತ್ತದೆ. ಹಕ್ಕು ಕೊಂಡವರಿಗೆ 10,000 ಕೊಟ್ಟು, ಸಾಲ 20,000 ತೀರಿಸಿದರೆ ಲೆಕ್ಕ ಚುಕ್ತಾ. ದರ 40,000ಕ್ಕೆ ಬಿತ್ತು ಅನ್ನಿ. ಅರ್ಧ ಕ್ವಿಂಟಲ್‌ಗೆ 20,000 ಬರುತ್ತದೆ. ಸಾಲ ತೀರುತ್ತದೆ. ಹಕ್ಕು ಕೊಂಡವರಿಗೆ ಕೊಡುವುದು ಏನೂ ಇಲ್ಲ. ಏರಲಿ, ಇಳಿಯಲಿ, ಆ 3,000 ಸರ್ ಜೇಬಲ್ಲೇ ಇರುತ್ತದೆ.

ಅಂದರೆ ಆ ಹಕ್ಕಿನ ಸರಿಯಾದ ಬೆಲೆ 5,000. ಎಂಬತ್ತು ಪಾಲು ಏರುತ್ತದೆ ಅಂತ ನಂಬಿದರೂ 5,000. ಇಪ್ಪತ್ತು ಪಾಲು ಅಂತ ನಂಬಿದರೂ 5,000. ಆಪ್ಶನ್ನಿನ ಬೆಲೆ ಅಂದರೆ ಅದೇ ಫಲವನ್ನು ಮಾಲು ಮತ್ತು ಸಾಲ ಸೇರಿಸಿ ತಯಾರು ಮಾಡಲು ಆಗುವ ಖರ್ಚು. ಭವಿಷ್ಯ ಹೇಳುವ ಶಕ್ತಿಗೆ ಅಲ್ಲಿ ಜಾಗ ಇಲ್ಲ. ಇಷ್ಟು ವರ್ಷ ದರಪಟ್ಟಿ ಬರೆದ ನನಗೆ ಬೆಲೆ ಅನ್ನುವುದನ್ನು ಹೀಗೂ ನೋಡಬಹುದು ಅಂತ ಯಾರೂ ಹೇಳಿರಲಿಲ್ಲ. ಇದೊಂದು ಪಾಠಕ್ಕೇ ಫೀ ಸಾರ್ಥಕ ಅಂತ ನಾನು ಮನಸಾರೆ ಹೇಳುತ್ತೇನೆ.

ಅಡಿಕೆಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ ಅನ್ನುವುದನ್ನೂ ಸರ್ ಮುಚ್ಚಿಡಲಿಲ್ಲ. ಗೋದಾಮಿನಲ್ಲಿ ಇಟ್ಟ ಅಡಿಕೆ ತೂಕ ಕಳೆದುಕೊಳ್ಳುತ್ತದೆ. ಒಬ್ಬರ ರಾಶಿಯಂತೆ ಇನ್ನೊಬ್ಬರದು ಇರುವುದಿಲ್ಲ. ಟೆಂಡರಿನಲ್ಲಿ ಒಂದೊಂದು ಲಾಟಿಗೆ ಒಂದೊಂದು ದರ. ಷೇರಿನಲ್ಲಿ ಈ ತಲೆನೋವು ಇಲ್ಲ. ಹಾಗಾಗಿ ಸಿದ್ಧಾಂತ ಅಲ್ಲಿ ಚೆನ್ನಾಗಿ ಕೂರುತ್ತದೆ.

ಈ ಎರಡು ಕವಲಿನ ಲೆಕ್ಕವನ್ನೇ ಮತ್ತೆ ಮತ್ತೆ ಜೋಡಿಸಿದರೆ ಬೈನಾಮಿಯಲ್ ಟ್ರೀ. 1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೀನ್ ಪ್ರಕಟಿಸಿದ ಮಾದರಿ. ಅದನ್ನು ಸ್ಪ್ರೆಡ್‌ಶೀಟಿನಲ್ಲಿ ನಾವೇ ಕಟ್ಟಬೇಕು. ಮೆಟ್ಟಿಲು ಹೆಚ್ಚಿಸಿದ ಹಾಗೆ ಉತ್ತರ ಬ್ಲ್ಯಾಕ್-ಶೋಲ್ಸ್ ಸೂತ್ರದ (ಆಪ್ಶನ್ ಬೆಲೆ ಕಟ್ಟುವ ಪ್ರಸಿದ್ಧ ಸೂತ್ರ) ಹತ್ತಿರ ಬರುವುದನ್ನು ಕಣ್ಣಾರೆ ನೋಡಬಹುದು. ಸೂತ್ರ ಇನ್ನೂ ಕಲಿಸಿರುವುದಿಲ್ಲ. ಉತ್ತರ ಮೊದಲು, ಸೂತ್ರ ಆಮೇಲೆ. ಒಳ್ಳೆಯ ಕ್ರಮ.

ಇತಿಹಾಸವನ್ನು ಬೇಕಾದಷ್ಟೇ ಹೇಳುತ್ತಾರೆ. ಫ್ರೆಂಚ್ ಗಣಿತಜ್ಞ ಲೂಯಿ ಬ್ಯಾಶಲಿಯೇ 1900ರಲ್ಲಿ ಪ್ಯಾರಿಸ್ಸಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲೇ ಬೆಲೆಯ ಏರಿಳಿತವನ್ನು ಬ್ರೌನಿಯನ್ ಚಲನೆಯ, ಅಂದರೆ ಗೊತ್ತುಗುರಿಯಿಲ್ಲದ ಅಲುಗಾಟದ, ಗಣಿತದಲ್ಲಿ ಹಿಡಿದಿದ್ದರು. ಐನ್‌ಸ್ಟೈನ್ ಅದೇ ಚಲನೆಯ ಬಗ್ಗೆ ಬರೆದದ್ದು 1905ರಲ್ಲಿ. ಬ್ಲ್ಯಾಕ್ ಮತ್ತು ಶೋಲ್ಸ್ ಅವರ ಲೇಖನ, ಮರ್ಟನ್ ಅವರ ಲೇಖನ ಎರಡೂ ಬಂದದ್ದು 1973ರಲ್ಲಿ. ಶಿಕಾಗೋದಲ್ಲಿ ಆಪ್ಶನ್ ವಿನಿಮಯ ಕೇಂದ್ರ ತೆರೆದದ್ದೂ ಅದೇ ವರ್ಷ. ಮರ್ಟನ್ ಮತ್ತು ಶೋಲ್ಸ್‌ಗೆ 1997ರಲ್ಲಿ ನೊಬೆಲ್ ಬಂತು. ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದರು. ನಮ್ಮಲ್ಲಿ ನಿಫ್ಟಿ ಆಪ್ಶನ್ ಶುರುವಾದದ್ದು 2001ರಲ್ಲಿ.

ಬ್ಯಾಶಲಿಯೇ ಹೆಸರು ಸುಮ್ನೆ ಬಂದದ್ದಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್ ಸೊನ್ನೆಗಿಂತ ಕೆಳಗೆ ಹೋಗಿ ಮೈನಸ್ 37.63 ಡಾಲರಿಗೆ ನಿಂತಿತು. ಇಲ್ಲಿ ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲೂ ಬ್ಯಾರಲ್‌ಗೆ ಮೈನಸ್ 2,884 ರೂಪಾಯಿಗೆ ಲೆಕ್ಕ ಮುಗಿಸಿದರು. ಬ್ಲ್ಯಾಕ್-ಶೋಲ್ಸ್ ರೀತಿಯ ಸೂತ್ರದಲ್ಲಿ ಬೆಲೆಯ ಲಾಗರಿದಮ್ ಇರುತ್ತದೆ. ಮೈನಸ್ ಸಂಖ್ಯೆಗೆ ಲಾಗರಿದಮ್ ತೆಗೆಯುವುದು ಹೇಗೆ? ಆಗ ಅಮೆರಿಕದ ವಿನಿಮಯ ಕೇಂದ್ರ ಸಿಎಂಇ ತೈಲದ ಆಪ್ಶನ್‌ಗಳಿಗೆ ಬ್ಯಾಶಲಿಯೇ ಮಾದರಿ ತಂದಿತು. ಆ ಮಾದರಿಯಲ್ಲಿ ಬೆಲೆ ಸೊನ್ನೆ ದಾಟಿ ಕೆಳಗೂ ಹೋಗಬಹುದು. 120 ವರ್ಷ ಹಳೆಯ ಗಣಿತ ಹೀಗೆ ಕೆಲಸಕ್ಕೆ ಬಂತು. ಸರ್ ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಇಟೋ ಲೆಮ್ಮಾ ಬಗ್ಗೆ ನನಗೆ ಬಹಳ ಅಂಜಿಕೆ ಇತ್ತು. ಜಪಾನಿನ ಕಿಯೋಶಿ ಇಟೋ 1940ರ ದಶಕದಲ್ಲಿ ಕಟ್ಟಿದ ಕ್ಯಾಲ್ಕುಲಸ್‌ನ ಮುಖ್ಯ ನಿಯಮ ಅದು. ಮಾಮೂಲಿ ಕ್ಯಾಲ್ಕುಲಸ್‌ನಲ್ಲಿ ಚಿಕ್ಕ ಬದಲಾವಣೆಯ ವರ್ಗವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಆ ವರ್ಗವನ್ನು ಬಿಡುವ ಹಾಗಿಲ್ಲ. ಯಾಕೆ? ಸರ್ ಎಲ್ಲರ ಕೈಗೂ ಒಂದೊಂದು ನಾಣ್ಯ ಕೊಟ್ಟರು. 100 ಸಲ ಚಿಮ್ಮಬೇಕು. ತಲೆ ಬಿದ್ದರೆ 0.1 ಮುಂದೆ, ಇಲ್ಲದಿದ್ದರೆ 0.1 ಹಿಂದೆ. ಕೊನೆಗೆ ಒಬ್ಬರು 0.8ರಲ್ಲಿದ್ದರು, ಒಬ್ಬರು ಮೈನಸ್ 1.2ರಲ್ಲಿದ್ದರು. ಯಾರದೂ ಹೊಂದುವುದಿಲ್ಲ. ಈಗ ಪ್ರತಿ ಹೆಜ್ಜೆಯ ವರ್ಗ ಕೂಡಿಸಿ ಅಂದರು. 0.01 ನೂರು ಸಲ. ಎಲ್ಲರದ್ದೂ 1. ಹೆಜ್ಜೆ ಎತ್ತ ಬಿದ್ದರೂ ವರ್ಗಗಳ ಮೊತ್ತ ಬದಲಾಗಲಿಲ್ಲ. ಹೆಜ್ಜೆ ಅರ್ಧ ಮಾಡಿ, ಸಂಖ್ಯೆ ನಾಲ್ಕು ಪಟ್ಟು ಮಾಡಿ, ಆ ಮೊತ್ತ ಹಾಗೇ ಉಳಿಯುತ್ತದೆ. ಒಟ್ಟು ಸಮಯವನ್ನು 1 ಅಂತ ಇಟ್ಟುಕೊಂಡರೆ ಅದು ಕಳೆದ ಸಮಯಕ್ಕೆ ಸಮ.

ಅದರಿಂದ ಆಗುವ ಪರಿಣಾಮ ಏನು ಅನ್ನುವುದಕ್ಕೆ ಮತ್ತೆ ಅಡಿಕೆಯ ಲೆಕ್ಕ. 50,000 ದರ ಶೇಕಡಾ 10 ಏರಿದರೆ 55,000. ಅಲ್ಲಿಂದ ಶೇಕಡಾ 10 ಇಳಿದರೆ 49,500. ಏರಿದ್ದೂ ಹತ್ತು, ಇಳಿದದ್ದೂ ಹತ್ತು, ಆದರೂ ಶೇಕಡಾ 1 ಕಳೆದುಹೋಯಿತು. ಒಂದು ಹೆಜ್ಜೆಗೆ ಅರ್ಧ ಶೇಕಡಾ. 0.1ರ ವರ್ಗದ ಅರ್ಧ ಎಷ್ಟು? 0.005. ಅದೇ ಅರ್ಧ ಶೇಕಡಾ. ಸೂತ್ರದಲ್ಲಿ ಎಲ್ಲಿಂದಲೋ ಬಂದು ಕೂರುವ ಸಿಗ್ಮಾ (ಏರಿಳಿತದ ಪ್ರಮಾಣ) ವರ್ಗದ ಅರ್ಧ ಇದೇ. ಇಂಟರ್‌ನೆಟ್ಟಿನಲ್ಲಿ ಎಷ್ಟೋ ವಿಡಿಯೋ ನೋಡಿದ್ದೆ. ಎಲ್ಲೂ ಹೀಗೆ ಬೆರಳಿಟ್ಟು ತೋರಿಸಿರಲಿಲ್ಲ.

ಇವೆಲ್ಲ ಕೂಡಿದ ಮೇಲೆ ಬ್ಲ್ಯಾಕ್-ಶೋಲ್ಸ್ ಸಮೀಕರಣ ಬರುತ್ತದೆ. ಅದನ್ನು ಕೆಲವು ಬದಲಾವಣೆ ಮಾಡಿ ಬರೆದರೆ ಉಷ್ಣ ಸಮೀಕರಣವೇ ಆಗುತ್ತದೆ. ಬಿ.ಎಸ್ಸಿ. ಕೊನೆಯ ವರ್ಷ ಸರಳಿನಲ್ಲಿ ಶಾಖ ಹರಡುವುದಕ್ಕೆ ಅಂತ ಓದಿದ್ದೆವಲ್ಲ, ಅದೇ. ಅವತ್ತು ಮನೆಗೆ ಬಂದು ಹಳೆ ನೋಟ್‌ಬುಕ್ ಹುಡುಕಿ ತೆಗೆದೆ. ಖುಷಿಯಾಯಿತು.

ಸೂತ್ರಕ್ಕೆ ಬೇಕಾದದ್ದು ಐದೇ ಸಂಗತಿ: ಇವತ್ತಿನ ದರ, ಸ್ಟ್ರೈಕ್, ಉಳಿದ ಸಮಯ, ಬಡ್ಡಿ, ಏರಿಳಿತದ ಪ್ರಮಾಣ ಅಂದರೆ ವೊಲಟಿಲಿಟಿ. ಷೇರು ಮುಂದೆ ಸರಾಸರಿ ಎಷ್ಟು ಬೆಳೆಯುತ್ತದೆ ಅನ್ನುವುದು ಪಟ್ಟಿಯಲ್ಲೇ ಇಲ್ಲ. ಮೊದಲ ನಾಲ್ಕು ಕಣ್ಣಿಗೆ ಕಾಣುತ್ತವೆ. ಐದನೆಯದು ಕಾಣುವುದಿಲ್ಲ. ಮಾರುಕಟ್ಟೆಯ ದರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅದನ್ನು ತೆಗೆಯಬೇಕು. ಬಾಯಲ್ಲೇ ಮಾಡುವ ಲೆಕ್ಕಗಳನ್ನೂ ಕಲಿಸುತ್ತಾರೆ. ಇಂಡಿಯಾ ವಿಕ್ಸ್ (ನಿಫ್ಟಿಯ ವಾರ್ಷಿಕ ಏರಿಳಿತವನ್ನು ಅಂದಾಜಿಸುವ ಸೂಚ್ಯಂಕ) 16 ಅಂದರೆ ದಿನಕ್ಕೆ ಸುಮಾರು ಶೇಕಡಾ 1ರ ಏರಿಳಿತ, ಯಾಕೆಂದರೆ ವರ್ಷಕ್ಕೆ ಸುಮಾರು 252 ವಹಿವಾಟಿನ ದಿನ, ಅದರ ವರ್ಗಮೂಲ 16ರ ಹತ್ತಿರ. ನಿಫ್ಟಿ 25,000, ವೊಲಟಿಲಿಟಿ ಶೇಕಡಾ 12, ಉಳಿದದ್ದು 30 ದಿನ ಅಂತಿರಲಿ. ಬಡ್ಡಿ ಬಿಟ್ಟರೆ 25,000 ಸ್ಟ್ರೈಕ್‌ನ ಕಾಲ್ ಬೆಲೆ ಸುಮಾರು 344. ದರ, ವೊಲಟಿಲಿಟಿ, ಸಮಯದ ವರ್ಗಮೂಲ, ಇವನ್ನು ಗುಣಿಸಿ 0.4ರಿಂದ ಗುಣಿಸಿದರೆ ಆಯಿತು. ಸಮಯ ನಾಲ್ಕು ಪಟ್ಟಾದರೆ ಬೆಲೆ ಎರಡೇ ಪಟ್ಟು.

ಸೂತ್ರ ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೂ ಸಾಕಷ್ಟು ಸಮಯ ಕೊಟ್ಟರು. ವೊಲಟಿಲಿಟಿ ಬದಲಾಗುವುದಿಲ್ಲ ಅಂತ ಸೂತ್ರ ನಂಬುತ್ತದೆ. 1987ರ ಅಕ್ಟೋಬರ್ ಕುಸಿತದ ನಂತರ ಮಾರುಕಟ್ಟೆ ಅದನ್ನು ನಂಬುವುದು ಬಿಟ್ಟಿತು. ಕೆಳಗಿನ ಸ್ಟ್ರೈಕ್‌ನ ಪುಟ್‌ಗಳಿಗೆ ಜಾಸ್ತಿ ವೊಲಟಿಲಿಟಿ ಹಾಕಿ ಬೆಲೆ ಕಟ್ಟುತ್ತಾರೆ. ಇನ್ನು ಸೂತ್ರದ ಪ್ರಕಾರ ಪ್ರತಿ ಕ್ಷಣವೂ ಮಾಲು ಹೊಂದಿಸಿಕೊಳ್ಳುತ್ತಲೇ ಇರಬೇಕು. ನಿಜದಲ್ಲಿ ಪ್ರತಿ ಸಲ ಬ್ರೋಕರೇಜು, ತೆರಿಗೆ ಕಟ್ಟಬೇಕಲ್ವಾ?

ಈಗ ಕೊರತೆಗಳು. ಸಂಭಾವ್ಯತೆಯ ಅಳತೆ ಬದಲಿಸುವ ಭಾಗ, ಅಂದರೆ ಗಿರ್ಸನೋವ್ ಪ್ರಮೇಯ, ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ಅಡಿಕೆಯ ಉದಾಹರಣೆಗೆ ಅಷ್ಟು ತಾಳ್ಮೆ ತೋರಿಸಿದವರು ಇಲ್ಲಿ ಓಡಿದರು. ಕ್ಲಾಸಿನಲ್ಲಿ ಯಾರಿಗೂ ಪೂರ್ತಿ ಹಿಡಿತ ಸಿಗಲಿಲ್ಲ. ಎರಡನೆಯದು, ನೋಟ್ಸ್. ಸರ್ ಕೈಬರಹದ ಝೆರಾಕ್ಸ್ ಕೊಡುತ್ತಾರೆ. ಅಕ್ಷರ ಚಂದ ಇದೆ, ಆದರೆ ಅಭ್ಯಾಸದ ಲೆಕ್ಕಗಳಿಗೆ ಉತ್ತರ ಇಲ್ಲ. ಮನೆಯಲ್ಲಿ ಮಾಡಿದ್ದು ಸರಿಯೋ ತಪ್ಪೋ ತಿಳಿಯಲು ಮುಂದಿನ ಭಾನುವಾರದ ತನಕ ಕಾಯಬೇಕು. ಮೂರನೆಯದು ಕರೆಂಟು. ಮಾಂಟೆ ಕಾರ್ಲೋ (ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಪ್ರಯೋಗವನ್ನು ಬಹಳ ಸಲ ಮಾಡಿ ಸರಾಸರಿ ತೆಗೆಯುವ ವಿಧಾನ) ಪಾಠದ ದಿನ ಜೋರು ಮಳೆಗೆ ಕರೆಂಟು ಹೋಗಿ ಬಂದು ಮಾಡಿತು. ಲ್ಯಾಪ್‌ಟಾಪ್ ಬ್ಯಾಟರಿ ಇದ್ದವರ ಸುತ್ತ ಎಲ್ಲರೂ ಕೂರಬೇಕಾಯಿತು. ಆ ಪಾಠದಲ್ಲಿ ನನಗೆ ಉಳಿದದ್ದು ಒಂದು ಮಾತು: ತಪ್ಪು ಹತ್ತನೇ ಒಂದು ಪಾಲಿಗೆ ಇಳಿಯಬೇಕಾದರೆ ನೂರು ಪಟ್ಟು ಜಾಸ್ತಿ ಪ್ರಯೋಗ ಬೇಕು. ಮಹಡಿಯ ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರು ನೋಡಿಕೊಂಡು ಹತ್ತಿ.

ಬೇರೆ ಕ್ಲಾಸ್‌ಗಳ ಜೊತೆ ಹೋಲಿಸಬೇಕಾದರೆ, ನನ್ನ ಚಿಕ್ಕಪ್ಪನ ಮಗ ಒಂದು ಆನ್‌ಲೈನ್ ಕೋರ್ಸಿಗೆ 25,000 ರೂಪಾಯಿ ಕೊಟ್ಟ. ಅದರಲ್ಲಿ ಚಾರ್ಟು, ಗೆರೆ, ಬಣ್ಣದ ಬಾಣ, ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದು ಟಿಪ್. ಆಪ್ಶನ್ ಬೆಲೆ ಹೇಗೆ ಬರುತ್ತದೆ ಅನ್ನುವುದಕ್ಕೆ ಒಂದು ಪಾಠವೂ ಇರಲಿಲ್ಲ. ನನಗೆ ಇದರಿಂದ ನಿಜವಾಗಲೂ ಸಿಟ್ಟು ಬರುತ್ತದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರ ತನಕದ ಮೂರು ವರ್ಷದಲ್ಲಿ ಷೇರಿನ ಫ್ಯೂಚರ್ಸ್ ಮತ್ತು ಆಪ್ಶನ್ ವ್ಯಾಪಾರ ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93 ಜನ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಸರ್ ಮೊದಲ ದಿನವೇ ಈ ಅಂಕಿ ಬೋರ್ಡ್ ಮೇಲೆ ಬರೆಯುತ್ತಾರೆ. ಬ್ಯಾಚ್ ಮುಗಿಯುವ ತನಕ ಅದನ್ನು ಅಳಿಸುವುದಿಲ್ಲ. ಟಿಪ್ಸ್ ಸಿಗುತ್ತದೆ ಅಂತ ಬಂದವರು ಅವತ್ತೇ ಎದ್ದು ಹೋಗುತ್ತಾರೆ. ಅವರಿಗೆ ಫೀ ವಾಪಸ್ ಕೊಡುತ್ತಾರೆ.

ಯಾರು ಹೋಗಬಹುದು? ಪಿಯುಸಿ ಗಣಿತ ಚೆನ್ನಾಗಿ ಬರುವವರು ಅರ್ಧ ದಾರಿ ಆರಾಮಾಗಿ ಹೋಗುತ್ತಾರೆ. ಹುಲೇಕಲ್ಲಿನ ಆ ಹಿರಿಯರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಟ್ರೀ ಲೆಕ್ಕವನ್ನು ನಮಗಿಂತ ಬೇಗ ಮಾಡುತ್ತಿದ್ದರು. ಇಟೋ ನಂತರದ ಭಾಗಕ್ಕೆ ಡಿಗ್ರಿ ಮಟ್ಟದ ಕ್ಯಾಲ್ಕುಲಸ್ ಬೇಕೇ ಬೇಕು. ಆಂಶಿಕ ಅವಕಲನ, ನಾರ್ಮಲ್ ವಿತರಣೆ, ಟೇಲರ್ ಸರಣಿ, ಈ ಮೂರನ್ನು ಮೊದಲೇ ಒಮ್ಮೆ ತಿರುವಿ ಹಾಕಿಕೊಂಡು ಹೋಗಿ. ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು, ಪ್ರೋಗ್ರಾಮಿಂಗ್ ಬೇಕಾಗಿಲ್ಲ. ಪಾಠ ಪೂರ್ತಿ ಕನ್ನಡದಲ್ಲಿ. ಸೂತ್ರದ ಹೆಸರುಗಳು ಇಂಗ್ಲಿಷಿನಲ್ಲೇ ಇರುತ್ತವೆ. ಅದರಿಂದ ಯಾರಿಗೂ ಕಷ್ಟ ಆಗಲಿಲ್ಲ.

ಮುಂದಿನ ಬ್ಯಾಚ್ ಬರುವ ಮಳೆಗಾಲಕ್ಕೆ. ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬರುವವರಿಗೆ ಬಸ್ಸಿನ ಹೊತ್ತು ನೋಡಿ ಕ್ಲಾಸ್ ಬಿಡುತ್ತಾರೆ. ಅಭ್ಯಾಸದ ಉತ್ತರಗಳನ್ನು ಬರೆದು ಕೊಡಿ, ಗಿರ್ಸನೋವ್ ಪ್ರಮೇಯಕ್ಕೆ ಇನ್ನೂ ಎರಡು ಭಾನುವಾರ ಇಡಿ ಅಂತ ನಾನು ಸರ್ ಹತ್ತಿರ ಕೇಳಿದೆ. "ಉತ್ತರ ನೀನೇ ಬರೆ ತಂಗಿ, ಆನು ತಿದ್ದಿ ಕೊಡ್ತಿ" ಅಂದರು. ಬರೆಯಲು ಶುರು ಮಾಡಿದ್ದೇನೆ. ಆ ಎರಡು ಭಾನುವಾರಕ್ಕೂ ಒಪ್ಪಿದ್ದಾರೆ. ಆ ಪಾಠಕ್ಕೆ ನಾನು ಮತ್ತೆ ಹೋಗಿ ಕೂರುತ್ತೇನೆ.